ಹಳೆಯ ಕಾರಿಗೆ ಹೊಸ ತಳ: ತುಕ್ಕು ಹಿಡಿದ ಫ್ಲೋರ್ ಪ್ಯಾನ್ ಬದಲಿಸುವ ಬಗೆ

ಹಳೆಯ ಕಾರು ಕೊಳ್ಳಲು ಹೊರಟವರು ಮೊದಲು ನೋಡುವುದು ಹೊಳೆಯುವ ಬಣ್ಣವನ್ನು. ಆಮೇಲೆ ಬಂಪರಿನ ಕ್ರೋಮ್ ಲೇಪ, ಬಾನೆಟ್ಟಿನ ಕೆಳಗಿನ ಎಂಜಿನ್, ಸೀಟಿನ ಹೊದಿಕೆ. ಕಾಲಡಿಯ ರಬ್ಬರ್ ಮ್ಯಾಟನ್ನು ಎತ್ತಿ ನೋಡುವವರು ತೀರಾ ಕಡಿಮೆ. ಆದರೆ ಆ ಕಾರು ಇನ್ನೂ ಇಪ್ಪತ್ತು ವರ್ಷ ಬಾಳುತ್ತದೆಯೇ ಅಥವಾ ಗುಜರಿ ಸೇರುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಆ ಮ್ಯಾಟಿನ ಅಡಿಯಲ್ಲಿರುವ, ಒಂದು ಮಿಲಿಮೀಟರ್ ಆಸುಪಾಸು ದಪ್ಪದ ತಗಡು. ಎಂಜಿನ್ ಕೆಟ್ಟರೆ ಬಿಚ್ಚಿ ಬೋರ್ ಮಾಡಿಸಬಹುದು. ಗೇರ್‌ಬಾಕ್ಸ್ ಹೋದರೆ ಇನ್ನೊಂದನ್ನು ಹುಡುಕಿ ತರಬಹುದು. ತಳವೇ ಕುಸಿದ ಕಾರಿನಲ್ಲಿ ಇವನ್ನೆಲ್ಲ ಕೂರಿಸುವುದಕ್ಕೆ ನೆಲೆಯೇ ಉಳಿಯುವುದಿಲ್ಲ.

ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ವೋಕ್ಸ್‌ವ್ಯಾಗನ್ ಬೀಟಲ್ ಮುಂತಾದ ಕಾರುಗಳ ಪುನರುಜ್ಜೀವನಕ್ಕೆ ಕೈಹಾಕುವವರ ಸಂಖ್ಯೆ ನಗರಗಳಲ್ಲಿ ಕಡಿಮೆಯೇನಿಲ್ಲ. ಅಜ್ಜನ ಕಾಲದ ಕಾರನ್ನು ಮತ್ತೆ ರಸ್ತೆಗಿಳಿಸುವ ಆಸೆ ಕೆಲವರದು, ಸಂಗ್ರಹಕಾರರ ಹವ್ಯಾಸ ಇನ್ನು ಕೆಲವರದು. ಯಾರದೇ ಆಗಲಿ, ಈ ಕೆಲಸದಲ್ಲಿ ಅತಿ ಹೆಚ್ಚು ಶ್ರಮ ಬೇಡುವ, ಆದರೆ ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದ ಹಂತವೆಂದರೆ ತಳದ ತಗಡನ್ನು, ಅಂದರೆ ಫ್ಲೋರ್ ಪ್ಯಾನನ್ನು ಬದಲಿಸುವುದು. ಕಣ್ಣಿಗೆ ಬೀಳದ ಕೆಲಸವಾದ್ದರಿಂದಲೇ ಇದರಲ್ಲಿ ಮೋಸಕ್ಕೂ ಅವಕಾಶ ಹೆಚ್ಚು.

ತಳವೆಂದರೆ ಬರೀ ನೆಲವಲ್ಲ

ಲಾರಿಗೆ ಅಥವಾ ಹಳೆಯ ಜೀಪಿಗೆ ಕಬ್ಬಿಣದ ಗಟ್ಟಿ ಚೌಕಟ್ಟು, ಅಂದರೆ ಚಾಸಿ ಪ್ರತ್ಯೇಕವಾಗಿರುತ್ತದೆ. ಎಂಜಿನ್, ಚಕ್ರ, ಸ್ಪ್ರಿಂಗ್ ಎಲ್ಲವೂ ಅದಕ್ಕೆ ಜೋಡಣೆಯಾಗಿ, ಬಾಡಿ ಅದರ ಮೇಲೆ ಕೂರುತ್ತದೆ. ಅಂಥ ವಾಹನದ ನೆಲಕ್ಕೆ ತುಕ್ಕು ಹಿಡಿದರೆ ಕಾಲಿಡಲು ತೊಂದರೆಯಾದೀತೇ ಹೊರತು ವಾಹನದ ಬೆನ್ನೆಲುಬು ಮುರಿಯುವುದಿಲ್ಲ.

ಪದ್ಮಿನಿ, ಅಂಬಾಸಿಡರ್‌ಗಳ ಕಥೆ ಬೇರೆ. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. 1953ರಲ್ಲಿ ಹೊರಬಂದ ಅದರ 1100/103 ಮಾದರಿಯಲ್ಲಿ ಪ್ರತ್ಯೇಕ ಚಾಸಿಯನ್ನು ಕೈಬಿಟ್ಟು, ಬಾಡಿಯೇ ಚೌಕಟ್ಟಿನ ಕೆಲಸವನ್ನೂ ಮಾಡುವ ವಿನ್ಯಾಸವನ್ನು ಅಳವಡಿಸಲಾಯಿತು. ಇದಕ್ಕೆ ಮೊನೊಕಾಕ್ ಎಂದು ಹೆಸರು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ತಯಾರಿಸಿದ ಕಾರುಗಳಿಗೂ ಇದೇ ವಿನ್ಯಾಸ ಬಂತು. 1970ರ ದಶಕದಲ್ಲಿ ಆ ಕಾರಿಗೆ ಪದ್ಮಿನಿ ಎಂಬ ಹೆಸರಾಯಿತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯನ್ನು ಆಧರಿಸಿದ, 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕೂಡ ಇದೇ ಜಾತಿಯದು.

ಮೊನೊಕಾಕ್ ಕಾರಿನಲ್ಲಿ ತಳದ ತಗಡು, ಮಧ್ಯದ ಸುರಂಗದಂಥ ಉಬ್ಬು, ಅಡ್ಡ ತೊಲೆಗಳು, ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಪೆಟ್ಟಿಗೆಯಂಥ ಸಿಲ್‌ಗಳು ಇವೆಲ್ಲ ಸೇರಿ ಒಂದು ಕಟ್ಟಡದ ತಳಪಾಯದಂತೆ ಕೆಲಸ ಮಾಡುತ್ತವೆ. ಬಿಡಿಯಾಗಿ ನೋಡಿದರೆ ಪ್ರತಿಯೊಂದು ತಗಡೂ ಕೈಯಲ್ಲಿ ಬಾಗಿಸಬಹುದಾದಷ್ಟು ತೆಳು. ಮಡಿಸಿ, ಗೀರು ಉಬ್ಬುಗಳನ್ನು ಮೂಡಿಸಿ, ಒಂದಕ್ಕೊಂದು ಬೆಸೆದಾಗ ಮಾತ್ರ ಅದಕ್ಕೆ ಬಲ. ಸೀಟಿನ ಬೋಲ್ಟುಗಳು, ಸೀಟ್ ಬೆಲ್ಟಿನ ಕೊಂಡಿಗಳು, ಹಿಂದಿನ ಪಟ್ಟಿ ಸ್ಪ್ರಿಂಗುಗಳ ಮುಂದಿನ ಕಣ್ಣುಗಳು ಹಿಡಿದುಕೊಂಡಿರುವುದು ಈ ತಳಭಾಗವನ್ನೇ. ಹೀಗಾಗಿ ತಳ ಸಡಿಲವಾದ ಕಾರು ಡಿಕ್ಕಿಯಾದಾಗ ಒಳಗಿದ್ದವರನ್ನು ಕಾಪಾಡುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ.

ತುಕ್ಕು ಬರುವ ದಾರಿ

ಕಬ್ಬಿಣ, ನೀರು ಮತ್ತು ಆಮ್ಲಜನಕ ಈ ಮೂರು ಸೇರಿದಲ್ಲಿ ತುಕ್ಕು ಖಚಿತ. ನೀರಿನಲ್ಲಿ ಉಪ್ಪಿನಂಶ ಬೆರೆತರೆ ವಿದ್ಯುತ್ ಹರಿವು ಸಲೀಸಾಗಿ ಈ ಕ್ರಿಯೆಯ ವೇಗ ಹೆಚ್ಚುತ್ತದೆ. ಮಂಗಳೂರು, ಉಡುಪಿ, ಕಾರವಾರಗಳ ಕಾರುಗಳು ಬಯಲುಸೀಮೆಯ ಕಾರುಗಳಿಗಿಂತ ಬೇಗ ತಳ ಕಳೆದುಕೊಳ್ಳುವುದಕ್ಕೆ ಕಡಲ ಗಾಳಿ ಒಂದು ಕಾರಣವಾದರೆ, ತಿಂಗಳುಗಟ್ಟಲೆ ಸುರಿಯುವ ಮಳೆ ಇನ್ನೊಂದು ಕಾರಣ. ಬಳ್ಳಾರಿ, ವಿಜಯಪುರದ ಕಡೆ ಒಣಹವೆಯಲ್ಲಿ ನಿಂತಿದ್ದ ಕಾರಿನ ಬಣ್ಣ ಬಿಸಿಲಿಗೆ ಮಾಸಿರಬಹುದು, ರಬ್ಬರ್ ಬಿರುಕು ಬಿಟ್ಟಿರಬಹುದು; ತಗಡು ಗಟ್ಟಿಯಾಗಿ ಉಳಿದಿರುವ ಸಂಭವ ಹೆಚ್ಚು. ಹೊಳೆಯುವ ಕರಾವಳಿಯ ಕಾರಿಗಿಂತ ಮಾಸಿದ ಬಯಲುಸೀಮೆಯ ಕಾರೇ ಲೇಸು ಎಂದು ಅನುಭವಸ್ಥರು ಹೇಳುವುದು ಇದೇ ಕಾರಣಕ್ಕೆ.

ತಳದ ತುಕ್ಕು ರಸ್ತೆಯ ಕಡೆಯಿಂದ, ಕೆಳಗಿನಿಂದ ಮೇಲಕ್ಕೆ ಬರುತ್ತದೆ ಎಂಬ ತಿಳಿವಳಿಕೆ ಅರ್ಧ ಸತ್ಯ. ಅನೇಕ ಬಾರಿ ಅದು ಒಳಗಿನಿಂದಲೇ ಶುರುವಾಗುತ್ತದೆ. ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಗಟ್ಟಿಯಾಗಿ ಬಿರಿದಾಗ ಮಳೆಯ ನೀರು ಡ್ಯಾಶ್‌ಬೋರ್ಡಿನ ಹಿಂದಿನಿಂದ ಇಳಿದು ಕಾಲಿಡುವ ಜಾಗದಲ್ಲಿ ನಿಲ್ಲುತ್ತದೆ. ಬಾಗಿಲಿನ ಅಡಿಯ ನೀರು ಹೋಗುವ ತೂತುಗಳು ಮಣ್ಣು ಕಟ್ಟಿಕೊಂಡರೆ ಆ ನೀರು ಒಳಮುಖವಾಗುತ್ತದೆ. ನೆಲದ ಮೇಲೆ ಹಾಸಿದ ಸೆಣಬಿನ ಪದರ ಅಥವಾ ಕಾರ್ಪೆಟ್ ಈ ನೀರನ್ನು ಹೀರಿಕೊಂಡು, ಮೇಲ್ಭಾಗ ಒಣಗಿದಂತೆ ಕಂಡರೂ ಅಡಿಯಲ್ಲಿ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಮೇಲಿನಿಂದ ರಬ್ಬರ್ ಮ್ಯಾಟ್ ಬೇರೆ ಮುಚ್ಚಿದ್ದರೆ ಆರಲು ಗಾಳಿಯೂ ಸಿಗದು.

ಎರಡು ತಗಡುಗಳು ಒಂದರ ಮೇಲೊಂದು ಕೂತು ಬೆಸುಗೆಯಾದ ಅಂಚುಗಳು ಮತ್ತೊಂದು ದುರ್ಬಲ ಸ್ಥಾನ. ಆ ಸಂದಿಗೆ ಬಣ್ಣ ತಲುಪಿರುವುದಿಲ್ಲ, ನೀರು ಮಾತ್ರ ತಲುಪುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ, ಬೆಳೆದಂತೆಲ್ಲ ಎರಡು ತಗಡುಗಳನ್ನು ದೂರ ತಳ್ಳುತ್ತದೆ. ಸಂದಿ ಇನ್ನಷ್ಟು ಅಗಲವಾಗಿ ಇನ್ನಷ್ಟು ನೀರು ಸೇರುತ್ತದೆ.

ಪರೀಕ್ಷೆ ಮಾಡುವುದು ಹೇಗೆ?

ಸೀಟು, ಮ್ಯಾಟು, ಕಾರ್ಪೆಟ್, ಅದರಡಿಯ ಪದರ ಎಲ್ಲವನ್ನೂ ತೆಗೆದ ಹೊರತು ಪರೀಕ್ಷೆ ಸಾಧ್ಯವಿಲ್ಲ. ಬಳಿಕ ಕೆಳಗಿನಿಂದಲೂ ಮೇಲಿನಿಂದಲೂ ನೋಡಬೇಕು. ಹಳೆಯ ಸ್ಕ್ರೂಡ್ರೈವರಿನ ಮೊನೆಯಿಂದ ಅನುಮಾನವಿದ್ದ ಕಡೆ ಗಟ್ಟಿಯಾಗಿ ಒತ್ತುವುದು, ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದು ಎಲ್ಲ ಗ್ಯಾರೇಜುಗಳಲ್ಲೂ ಇರುವ ಪದ್ಧತಿ. ಆರೋಗ್ಯವಾದ ತಗಡು ಟಣ್ ಎನ್ನುತ್ತದೆ. ಟೊಳ್ಳಾದದ್ದು ಮಂಕಾಗಿ ಸದ್ದು ಮಾಡುತ್ತದೆ.

ಆಯಸ್ಕಾಂತವೊಂದು ಜೇಬಿನಲ್ಲಿದ್ದರೆ ಇನ್ನೂ ಒಳ್ಳೆಯದು. ತೂತಿಗೆ ಫೈಬರ್ ಬಟ್ಟೆ ಅಂಟಿಸಿ, ಪುಟ್ಟಿ ಬಳಿದು, ಮೇಲೆ ಕಪ್ಪು ಅಂಡರ್‌ಕೋಟ್ ಹೊಡೆದು ಮುಚ್ಚಿದ ಜಾಗದಲ್ಲಿ ಆಯಸ್ಕಾಂತ ಹಿಡಿಯುವುದಿಲ್ಲ. ಮಾರಾಟಕ್ಕೆ ಮುಂಚೆ ಹೊಸದಾಗಿ ದಪ್ಪನೆ ಕಪ್ಪು ಬಳಿದ ತಳವನ್ನು ಸಂಶಯದಿಂದಲೇ ನೋಡಬೇಕು. ಬಾಗಿಲು ತೆರೆದು ಮುಚ್ಚುವಾಗ ಅಂಚು ತಾಗುತ್ತಿದ್ದರೆ ಅಥವಾ ಜಾಕಿ ಕೊಟ್ಟು ಎತ್ತಿದಾಗ ಬಾಗಿಲಿನ ಸಂದು ಕಿರಿದಾದರೆ ಬಾಡಿ ನಡುವೆ ಬಾಗುತ್ತಿದೆ, ಸಿಲ್‌ಗಳ ಬಲ ಹೋಗಿದೆ ಎಂದೇ ಅರ್ಥ.

ತೇಪೆಯೋ, ಪೂರ್ತಿ ಬದಲಾವಣೆಯೋ?

ಒಂದೆರಡು ಕಡೆ ಅಂಗೈಯಗಲ ತೂತು ಬಿದ್ದಿದ್ದು ಸುತ್ತಲಿನ ತಗಡು ಗಟ್ಟಿಯಾಗಿದ್ದರೆ ತೇಪೆ ಸಾಕು. ಆದರೆ ತೂತಿನ ಅಂಚಿನಿಂದ ಕೊಳೆತದ್ದನ್ನು ಕತ್ತರಿಸುತ್ತಾ ಹೋಗಿ, ಹೊಳೆಯುವ ಪೂರ್ಣ ದಪ್ಪದ ಲೋಹ ಸಿಗುವಲ್ಲಿಗೆ ನಿಲ್ಲಬೇಕೆಂಬುದು ನಿಯಮ. ಅಂಗೈಯಗಲದ ತೂತು ಹೀಗೆ ಮೊರದಗಲವಾಗುವುದು ಸಾಮಾನ್ಯ. ತುಕ್ಕಿನಿಂದ ತೆಳುವಾದ ತಗಡಿಗೆ ಬೆಸುಗೆ ಹಿಡಿಯುವುದಿಲ್ಲ. ಶಾಖ ತಾಗಿದೊಡನೆ ಕರಗಿ ಇನ್ನೊಂದು ತೂತಾಗುತ್ತದೆ. ಒಂದೇ ಬದಿಯಲ್ಲಿ ಮೂರು ನಾಲ್ಕು ತೇಪೆ ಬೇಕಾಗುವ ಸ್ಥಿತಿಯಿದ್ದರೆ ಆ ಬದಿಯ ಇಡೀ ತಗಡನ್ನು ಬದಲಿಸುವುದೇ ಲಾಭ. ತೇಪೆ ಹೆಚ್ಚಾದಷ್ಟೂ ಜೋಡಣೆಯ ಗೆರೆಗಳು ಹೆಚ್ಚು, ಜೋಡಣೆ ಹೆಚ್ಚಾದಷ್ಟೂ ಮುಂದೆ ನೀರು ಕೂರುವ ಸಂದಿಗಳು ಹೆಚ್ಚು.

ಹಳೆಯ ತಗಡಿನ ಮೇಲೆಯೇ ಹೊಸ ತಗಡು ಹೊದಿಸಿ ರಿವೆಟ್ ಹೊಡೆಯುವುದು ಅಗ್ಗದ ದಾರಿ, ಅಷ್ಟೇ ಅಪಾಯದ ದಾರಿ. ಕೆಳಗಿನ ತುಕ್ಕು ಅಲ್ಲಿಯೇ ಇದ್ದು ಎರಡೂ ತಗಡನ್ನು ತಿನ್ನತೊಡಗುತ್ತದೆ. ಭಾರ ಹೊರುವ ಭಾಗಕ್ಕೆ ರಿವೆಟ್ಟಾಗಲಿ ಫೈಬರ್ ಆಗಲಿ ಸಲ್ಲದು. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಸೀಟ್ ಬೆಲ್ಟ್ ಕೊಂಡಿ, ಸಸ್ಪೆನ್ಷನ್ ಮುಂತಾದವುಗಳಿಂದ 30 ಸೆಂಟಿಮೀಟರ್ ವ್ಯಾಪ್ತಿಯ ಭಾರ ಹೊರುವ ತಗಡನ್ನು ವಿಶೇಷವಾಗಿ ಪರಿಶೀಲಿಸಲಾಗುತ್ತದೆ. ಅಲ್ಲಿ ಹಾಕಿದ ತೇಪೆಯ ಅಂಚಿಗೆ ಸುತ್ತಲೂ ಎಡೆಬಿಡದ ಬೆಸುಗೆ ಇರಬೇಕೆಂಬುದು ಅಲ್ಲಿನ ನಿಯಮ. ಅಂಥ ಕಟ್ಟುನಿಟ್ಟಿನ ತಪಾಸಣೆ ಇಲ್ಲದ ಕಡೆಯೂ ಈ ಅಳತೆಗೋಲನ್ನು ಪಾಲಿಸುವುದು ಕ್ಷೇಮ.

ಕತ್ತರಿಸುವ ಮುನ್ನ

ಈ ಕೆಲಸದಲ್ಲಿ ಆಗುವ ದೊಡ್ಡ ಅನಾಹುತ ಕೆಟ್ಟ ಬೆಸುಗೆಯಲ್ಲ, ಬಾಡಿ ಸೊಟ್ಟಗಾಗುವುದು. ತಳವನ್ನು ಕತ್ತರಿಸಿದ ಕೂಡಲೇ ಮೊನೊಕಾಕ್ ಬಾಡಿ ತನ್ನ ತೂಕಕ್ಕೇ ಜೋಲುಬೀಳುತ್ತದೆ. ಆ ಸ್ಥಿತಿಯಲ್ಲಿ ಹೊಸ ತಗಡನ್ನು ಬೆಸೆದರೆ ಸೊಟ್ಟವೇ ಶಾಶ್ವತವಾಗುತ್ತದೆ. ಮುಂದೆ ಬಾಗಿಲು ಕೂರುವುದಿಲ್ಲ, ಗಾಜು ಕೂರುವುದಿಲ್ಲ, ಚಕ್ರಗಳ ಜೋಡಣೆಯೂ ಸರಿಬರುವುದಿಲ್ಲ.

ಇದನ್ನು ತಡೆಯಲು ಪಾಲಿಸುವ ಕ್ರಮಗಳು ಹೀಗಿವೆ. ಕಾರನ್ನು ಸಮತಟ್ಟಾದ ನೆಲದ ಮೇಲೆ, ಸಸ್ಪೆನ್ಷನ್ ಭಾರ ಬೀಳುವ ಗಟ್ಟಿ ಜಾಗಗಳಲ್ಲಿ ಸ್ಟ್ಯಾಂಡುಗಳನ್ನು ಕೊಟ್ಟು ನಿಲ್ಲಿಸಬೇಕು. ಜಾಕಿಯೊಂದನ್ನೇ ನಂಬಿ ಕಾರಿನ ಅಡಿಗೆ ಯಾರೂ ಹೋಗಕೂಡದು. ಎಂಜಿನ್ನನ್ನು ಮೊದಲೇ ಇಳಿಸಿದ್ದರೆ ಮುಂಭಾಗದ ಭಾರ ಕಡಿಮೆಯಾಗುತ್ತದೆ. ಬಾಗಿಲುಗಳು ಸರಿಯಾಗಿ ಕೂರುತ್ತಿರುವಾಗಲೇ ಅವುಗಳ ಸಂದನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಬಾಗಿಲ ಚೌಕಟ್ಟಿನ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಕಬ್ಬಿಣದ ಚೌಕ ಪೈಪನ್ನು ಅಡ್ಡಲಾಗಿ ಬೆಸೆದು ಅಥವಾ ಬೋಲ್ಟ್ ಹಾಕಿ ಬಿಗಿಯಬೇಕು. ಎಡದಿಂದ ಬಲಕ್ಕೂ ಒಂದು ಪೈಪ್ ಹಾಯ್ದಿರಬೇಕು. ತಳದ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆದು ದಾಖಲಿಸಬೇಕು. ಕೆಲಸದ ನಡುವೆ ಪದೇ ಪದೇ ಅಳೆದಾಗ ಆ ಅಂಕಿಗಳು ಬದಲಾಗಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆಗೆ ಒಂದೇ ಬದಿಯನ್ನು ಕತ್ತರಿಸಬೇಕು. ಎಡಬದಿ ಪೂರ್ತಿ ಬೆಸುಗೆಯಾದ ಮೇಲೆಯೇ ಬಲಬದಿಗೆ ಕೈಹಾಕಬೇಕು.

ಬೆಂಕಿಯ ಭಯವನ್ನೂ ಮರೆಯುವಂತಿಲ್ಲ. ಬ್ಯಾಟರಿ ಕಳಚುವುದು, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ಗ್ಯಾರೇಜಿನಿಂದಲೇ ದೂರವಿಡುವುದು, ತಳದ ಉದ್ದಕ್ಕೂ ಹಾಯ್ದಿರುವ ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರಿಂಗ್, ಹ್ಯಾಂಡ್‌ಬ್ರೇಕ್ ಕೇಬಲ್‌ಗಳನ್ನು ಬಿಚ್ಚುವುದು ಕಡ್ಡಾಯ. ಹಳೆಯ ಟಾರಿನಂಥ ಅಂಡರ್‌ಕೋಟ್ ಮತ್ತು ಸೆಣಬಿನ ಪದರಗಳು ಬೆಸುಗೆಯ ಕಿಡಿಗೆ ಹೊತ್ತಿಕೊಂಡು ಕಣ್ಣಿಗೆ ಕಾಣದಂತೆ ಹೊಗೆಯಾಡುತ್ತಿರುತ್ತವೆ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತಿರಬೇಕು. ಬೆಸುಗೆ ನಿಲ್ಲಿಸಿದ ಮೇಲೂ ಒಂದು ತಾಸು ಗ್ಯಾರೇಜಿಗೆ ಬೀಗ ಹಾಕಿ ಹೋಗದಿರುವುದು ಒಳ್ಳೆಯ ರೂಢಿ.

ಹಳೆಯ ತಗಡನ್ನು ಬಿಡಿಸುವುದು

ಕಾರ್ಖಾನೆಯಲ್ಲಿ ತಳದ ತಗಡನ್ನು ಸುತ್ತಲಿನ ಭಾಗಗಳಿಗೆ ಜೋಡಿಸಿರುವುದು ಸ್ಪಾಟ್ ವೆಲ್ಡಿಂಗ್ ಮೂಲಕ. ಅಂಚಿನ ಉದ್ದಕ್ಕೂ ಸಣ್ಣ ಬೊಟ್ಟುಗಳಂತೆ ಕಾಣುವ ಗುರುತುಗಳೇ ಆ ಬೆಸುಗೆಗಳು. ಬಣ್ಣವನ್ನು ತಂತಿ ಬ್ರಷ್ಷಿನಿಂದ ಉಜ್ಜಿದಾಗ ಅವು ಗೋಚರಿಸುತ್ತವೆ. ಒಂದೊಂದಕ್ಕೂ ನಡುವೆ ಪಂಚ್ ಹೊಡೆದು, 8 ಮಿ.ಮೀ. ಆಸುಪಾಸಿನ ಸ್ಪಾಟ್ ವೆಲ್ಡ್ ಕಟ್ಟರಿನಿಂದ ಮೇಲಿನ ತಗಡನ್ನು ಮಾತ್ರ ಕೊರೆಯಬೇಕು. ಕೆಳಗಿನ ಗಟ್ಟಿ ತಗಡು ತೂತಾಗದಂತೆ ಎಚ್ಚರ ವಹಿಸಬೇಕು. ಆಮೇಲೆ ತೆಳುವಾದ ಉಳಿಯನ್ನು ಸಂದಿಗೆ ಕೊಟ್ಟು ಮೆಲ್ಲನೆ ಬಿಡಿಸಲಾಗುತ್ತದೆ. ಆತುರಕ್ಕೆ ಬಿದ್ದು ಗ್ರೈಂಡರಿನಿಂದ ಎಲ್ಲವನ್ನೂ ಕೊಯ್ದರೆ ಹೊಸ ತಗಡನ್ನು ಕೂರಿಸಲು ಅಂಚೇ ಉಳಿಯುವುದಿಲ್ಲ.

ತೆಗೆದ ತಗಡು ಎಷ್ಟೇ ಕೊಳೆತಿರಲಿ, ಕೆಲಸ ಮುಗಿಯುವವರೆಗೆ ಅದನ್ನು ಗುಜರಿಗೆ ಹಾಕಬಾರದು. ಸೀಟಿನ ಬೋಲ್ಟ್ ಎಲ್ಲಿತ್ತು, ನೀರು ಹೋಗುವ ತೂತು ಎಷ್ಟು ಅಗಲವಿತ್ತು, ಉಬ್ಬಿನ ಗೆರೆಗಳು ಯಾವ ದಿಕ್ಕಿನಲ್ಲಿದ್ದವು ಎಂಬುದಕ್ಕೆ ಅದೇ ಸಾಕ್ಷಿ. ಬಿಚ್ಚುವ ಪ್ರತಿ ಹಂತದಲ್ಲೂ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ತಿಂಗಳ ನಂತರ ಮರುಜೋಡಣೆಯ ವೇಳೆ ಅದರ ಬೆಲೆ ಗೊತ್ತಾಗುತ್ತದೆ.

ಹೊಸ ತಗಡಿನ ತಯಾರಿ

ಯುರೋಪ್ ಅಮೆರಿಕಗಳಲ್ಲಿ ಜನಪ್ರಿಯ ಹಳೆಯ ಕಾರುಗಳಿಗೆ ಸಿದ್ಧ ತಳಗಳು ಅಂಗಡಿಯಲ್ಲಿ ಸಿಗುತ್ತವೆ. ಪದ್ಮಿನಿಯಂಥ ಕಾರಿಗೆ ಬಹುತೇಕ ಟಿಂಕರಿಂಗ್ ಕೆಲಸಗಾರನ ಕೈಯೇ ಕಾರ್ಖಾನೆ. 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., ಅಥವಾ 20 ಗೇಜ್ ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಸಿ.ಆರ್. ತಗಡು ಇದಕ್ಕೆ ಸೂಕ್ತ. ಆರೋಗ್ಯವಾಗಿ ಉಳಿದ ಮೂಲ ತಗಡಿನ ದಪ್ಪವನ್ನು ಅಳೆದು ಅದಕ್ಕೆ ಹೊಂದುವುದನ್ನೇ ಆರಿಸಬೇಕು. ದಪ್ಪ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು: ದಪ್ಪ ತಗಡನ್ನು ತೆಳು ತಗಡಿಗೆ ಬೆಸೆಯುವಾಗ ಶಾಖ ಸಮನಾಗಿ ಹಂಚುವುದಿಲ್ಲ, ತೆಳುವಾದದ್ದು ಸುಟ್ಟುಹೋಗುತ್ತದೆ. ಸತು ಲೇಪಿತ ತಗಡನ್ನು ಬೆಸೆದರೆ ಏಳುವ ಬಿಳಿ ಹೊಗೆಯಿಂದ ಚಳಿಜ್ವರದಂಥ ತೊಂದರೆ ಬರುವುದುಂಟು. ಆದ್ದರಿಂದ ಬೆಸೆಯುವ ಜಾಗದಲ್ಲಿ ಲೇಪವನ್ನು ಉಜ್ಜಿ ತೆಗೆಯುವುದು, ಗಾಳಿಯಾಡುವ ಕಡೆ ಕೆಲಸ ಮಾಡುವುದು, ಮಾಸ್ಕ್ ಧರಿಸುವುದು ಅಗತ್ಯ.

ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಜಾಗದಲ್ಲಿಟ್ಟು ನೋಡಿ, ತಿದ್ದಿ, ಸರಿಯೆನಿಸಿದ ಮೇಲೆ ತಗಡಿನ ಮೇಲೆ ಗೆರೆ ಎಳೆಯಲಾಗುತ್ತದೆ. ರಟ್ಟು ಹಾಳಾದರೆ ನಷ್ಟವಿಲ್ಲ. ಅಂಚುಗಳಲ್ಲಿ ಸುಮಾರು 15 ರಿಂದ 20 ಮಿ.ಮೀ. ಮಡಿಕೆಗೆ ಬಿಟ್ಟುಕೊಳ್ಳಬೇಕು. ಸಪಾಟಾದ ತಗಡನ್ನು ಹಾಗೆಯೇ ಕೂರಿಸಿದರೆ ಕಾಲಿಟ್ಟಾಗ ಎಣ್ಣೆ ಡಬ್ಬದ ಮುಚ್ಚಳದಂತೆ ಡಬಡಬ ಎನ್ನುತ್ತದೆ, ಕಾರು ಓಡುವಾಗ ಅದುರುತ್ತದೆ. ಕಾರ್ಖಾನೆಯವರು ತಳದಲ್ಲಿ ಉದ್ದ ಗೀರು ಉಬ್ಬುಗಳನ್ನು ಒತ್ತಿರುವುದು ಅಲಂಕಾರಕ್ಕಲ್ಲ, ಬಿಗುವಿಗೆ. ಕೈಯಿಂದ ತಿರುಗಿಸುವ ಬೀಡ್ ರೋಲರ್ ಯಂತ್ರದಲ್ಲಿ ಅವನ್ನು ಮೂಡಿಸಬಹುದು. ಯಂತ್ರವಿಲ್ಲದ ಕಡೆ ಗಟ್ಟಿಮರದಲ್ಲಿ ಗಾಡಿ ಕೊರೆದು, ಅದರ ಮೇಲೆ ತಗಡಿಟ್ಟು ಸುತ್ತಿಗೆಯಿಂದ ತಟ್ಟಿ ಉಬ್ಬು ತರುವ ಕುಶಲಿಗಳಿದ್ದಾರೆ. ಸೀಟ್ ಬೆಲ್ಟ್ ಕೊಂಡಿ ಬರುವ ಜಾಗಕ್ಕೆ ಅಡಿಯಿಂದ ದಪ್ಪನೆಯ ಬಲವರ್ಧಕ ಪಟ್ಟಿಯನ್ನು ಮೂಲದಲ್ಲಿದ್ದಂತೆಯೇ ಕೊಡಬೇಕು.

ಬೆಸುಗೆಯ ಬಗೆ

ಹಿಂದೆ ಗ್ಯಾಸ್ ವೆಲ್ಡಿಂಗ್ ಒಂದೇ ದಾರಿಯಾಗಿತ್ತು. ಆಮ್ಲಜನಕ ಮತ್ತು ಅಸಿಟಲೀನ್ ಜ್ವಾಲೆಯ ಉಷ್ಣತೆ 3,000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ, ಅದರ ಶಾಖ ವಿಶಾಲವಾಗಿ ಹರಡುತ್ತದೆ. ನುರಿತ ಕೈಯಲ್ಲಿ ಅದು ಸುಂದರ ಕೆಲಸ ಮಾಡುತ್ತದೆ. ಹೊಸಬರ ಕೈಯಲ್ಲಿ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಗ್ಯಾರೇಜುಗಳಲ್ಲಿ ‘ಸಿಒಟು ವೆಲ್ಡಿಂಗ್’ ಎಂದೇ ಪರಿಚಿತವಾಗಿರುವ ಮಿಗ್ ವಿಧಾನದಲ್ಲಿ ಶಾಖ ಒಂದೆಡೆಗೆ ಸೀಮಿತ. 0.6 ಅಥವಾ 0.8 ಮಿ.ಮೀ. ತಂತಿ, ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಮಿಶ್ರಣ ಇಂಥ ತೆಳು ತಗಡಿಗೆ ಒಪ್ಪುತ್ತದೆ. ಸಾಮಾನ್ಯ ಕಡ್ಡಿ ವೆಲ್ಡಿಂಗ್ ಗೇಟು ಕಿಟಕಿಗಳಿಗೆ ಸರಿ. ಕಾರಿನ ತಳಕ್ಕೆ ಅದರ ಶಾಖ ವಿಪರೀತ.

ಮಡಿಸಿದ ಅಂಚು ಹಳೆಯ ತಗಡಿನ ಮೇಲೆ ಕೂರುವಲ್ಲಿ ‘ಪ್ಲಗ್’ ಬೆಸುಗೆ ಹಾಕಲಾಗುತ್ತದೆ. ಹೊಸ ತಗಡಿನ ಅಂಚಿನಲ್ಲಿ 6 ರಿಂದ 8 ಮಿ.ಮೀ. ತೂತುಗಳನ್ನು ಮೂಲ ಸ್ಪಾಟ್ ಬೆಸುಗೆಗಳಷ್ಟೇ ಅಂತರದಲ್ಲಿ ಕೊರೆದು, ಎರಡೂ ತಗಡುಗಳನ್ನು ಕ್ಲಾಂಪ್ ಹಾಕಿ ಬಿಗಿಯಾಗಿ ಒತ್ತಿ, ತೂತಿನ ಮೂಲಕ ಕೆಳಗಿನ ತಗಡಿಗೆ ಬೆಸುಗೆ ತುಂಬಬೇಕು. ನಡುವೆ ಸಂದಿ ಉಳಿದರೆ ಬೆಸುಗೆ ಮೇಲಷ್ಟೇ ಕೂತು ಕೆಳಗೆ ಹಿಡಿಯುವುದಿಲ್ಲ. ಜೋಡಿಸುವ ಮುಖಗಳಿಗೆ ಮೊದಲೇ ಬೆಸುಗೆ ತಾಳುವ ಸತುವಿನ ಪ್ರೈಮರ್ ಬಳಿದಿರಬೇಕು. ಆಮೇಲೆ ಅಲ್ಲಿಗೆ ಬ್ರಷ್ ತಲುಪುವುದಿಲ್ಲ.

ಉದ್ದನೆಯ ಜೋಡಣೆಗೆ ಒಂದೇ ಸಮನೆ ಬೆಸೆಯುತ್ತಾ ಹೋಗಬಾರದು. ಮೊದಲು ನಾಲ್ಕು ಮೂಲೆಗೆ ಒಂದೊಂದು ಚುಕ್ಕೆ, ನಡುವೆ ಒಂದೊಂದು, ಮತ್ತೆ ಅವುಗಳ ನಡುವೆ ಹೀಗೆ ಎದುರುಬದುರಾಗಿ ಹಾರುತ್ತಾ, ಕೈ ಇಡುವಷ್ಟು ತಣಿದ ಮೇಲೆಯೇ ಪಕ್ಕದ ಚುಕ್ಕೆ ಹಾಕಬೇಕು. ಒದ್ದೆ ಬಟ್ಟೆ ಒತ್ತಿ ತಟ್ಟನೆ ತಣಿಸುವುದು ಬೇಡ. ಈ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಬೆಸುಗೆಯಲ್ಲ, ಕಾಯುವುದು. ಚುಕ್ಕೆಗಳು ಪೂರ್ತಿ ಕೂಡಿದ ಮೇಲೆ ಬಾಗಿಲುಗಳನ್ನು ಹಾಕಿ ನೋಡಿ, ಕರ್ಣಗಳನ್ನು ಮತ್ತೆ ಅಳೆದ ನಂತರವೇ ಅಡ್ಡ ಪೈಪುಗಳನ್ನು ತೆಗೆಯಬೇಕು.

ಮತ್ತೆ ತುಕ್ಕು ಬರದಂತೆ

ಹೊಸ ತಳಕ್ಕೆ ನೀರು ತಾಗುವ ಮುನ್ನ ರಕ್ಷಣೆ ಸಿಗಬೇಕು. ಬರಿ ಲೋಹದ ತಗಡನ್ನು ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ಬೆಳಗಾಗುವಷ್ಟರಲ್ಲಿ ಕಂದು ಛಾಯೆ ಮೂಡಿರುತ್ತದೆ. ಬೆಸುಗೆಯ ಕಿಟ್ಟ ಕೆರೆದು, ಜಿಡ್ಡು ಒರೆಸಿ, ಎರಡೂ ಮುಖಗಳಿಗೆ ಎಪಾಕ್ಸಿ ಪ್ರೈಮರ್ ಹೊಡೆಯುವುದು ಮೊದಲ ಹೆಜ್ಜೆ. ದಶಕಗಳಿಂದ ಬಳಕೆಯಲ್ಲಿರುವ ರೆಡ್ ಆಕ್ಸೈಡ್ ಅಗ್ಗವಾದರೂ ತಳದಂಥ ನೀರು ನಿಲ್ಲುವ ಜಾಗಕ್ಕೆ ಅದೊಂದೇ ಸಾಲದು. ಪ್ರೈಮರಿನ ಮೇಲೆ ಎಲ್ಲ ಜೋಡಣೆಯ ಗೆರೆಗಳಿಗೂ ಸೀಮ್ ಸೀಲರ್ ಬಳಿದು, ನಂತರ ಬಣ್ಣ, ಕೆಳಮುಖಕ್ಕೆ ಅಂಡರ್‌ಕೋಟ್. ತುಕ್ಕಿನ ಮೇಲೆಯೇ ಅಂಡರ್‌ಕೋಟ್ ಹೊಡೆದರೆ ತೇವವನ್ನು ಒಳಗೆ ಕೂಡಿಹಾಕಿದಂತೆ.

ಸಿಲ್‌ಗಳ ಒಳಗಿನ ಟೊಳ್ಳಿಗೆ ಬಣ್ಣ ತಲುಪುವುದಿಲ್ಲ. ಅಲ್ಲಿಗೆ ಉದ್ದ ನಳಿಕೆಯಿಂದ ಮೇಣದಂಥ ದ್ರವವನ್ನು ಸಿಂಪಡಿಸಬೇಕು. ಬೆಸುಗೆ, ಬಣ್ಣ ಎಲ್ಲ ಮುಗಿದ ಮೇಲಷ್ಟೇ ಇದನ್ನು ಮಾಡಬೇಕು, ಏಕೆಂದರೆ ಅದು ಹೊತ್ತಿಕೊಳ್ಳುವ ವಸ್ತು. ನೀರು ಹೋಗುವ ತೂತುಗಳನ್ನು ಮೂಲದಲ್ಲಿದ್ದ ಕಡೆಯೇ ಕೊರೆದು ರಬ್ಬರ್ ಬಿರಡೆ ಹಾಕಬೇಕು. ಗಾಜಿನ ಮತ್ತು ಬಾಗಿಲಿನ ರಬ್ಬರ್‌ಗಳನ್ನು ಬದಲಿಸದೆ ಹೊಸ ತಳ ಹಾಕುವುದೆಂದರೆ ಸೋರುವ ಸೂರಿನಡಿ ಹೊಸ ನೆಲ ಹಾಸಿದಂತೆ. ಸೆಣಬಿನ ಪದರದ ಬದಲು ನೀರು ಹೀರದ ಫೋಮ್ ಬಳಸುವುದು ಉತ್ತಮ.

ಬೀಟಲ್ ಕಾರಿನ ದಾರಿ ಬೇರೆ

2003ರ ಜುಲೈನಲ್ಲಿ ಮೆಕ್ಸಿಕೊದ ಪ್ಯೂಬ್ಲಾದಲ್ಲಿ ಕೊನೆಯದಾಗಿ ತಯಾರಾದ ವೋಕ್ಸ್‌ವ್ಯಾಗನ್ ಬೀಟಲ್ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದ ಕಾರು. ಇದರಲ್ಲಿ ನಡುವಿನ ಬೆನ್ನೆಲುಬಿನಂಥ ಸುರಂಗಕ್ಕೆ ಎಡಬಲ ಎರಡು ತಳದ ತಗಡುಗಳು ಬೆಸುಗೆಯಾಗಿರುತ್ತವೆ. ಬಾಡಿ ಅದರ ಮೇಲೆ ಸುತ್ತಲೂ ಬೋಲ್ಟುಗಳಿಂದ ಕೂರುತ್ತದೆ. ಬೋಲ್ಟುಗಳನ್ನು ಬಿಚ್ಚಿದರೆ ಬಾಡಿಯನ್ನು ಎತ್ತಿ ಬದಿಗಿಡಬಹುದು. ಬ್ಯಾಟರಿಯನ್ನು ಹಿಂದಿನ ಸೀಟಿನ ಅಡಿಯಲ್ಲಿ ಬಲಬದಿಗೆ ಇಟ್ಟಿರುವುದರಿಂದ, ಚೆಲ್ಲಿದ ಆಮ್ಲಕ್ಕೆ ಅಲ್ಲಿನ ತಗಡು ಮೊದಲು ಬಲಿಯಾಗುವುದು ಬೀಟಲ್ ಮಾಲೀಕರೆಲ್ಲ ಬಲ್ಲ ಸಂಗತಿ. ಬಾಡಿಯನ್ನು ಎತ್ತುವಾಗ ಬಾಗಿಲ ಚೌಕಟ್ಟಿಗೆ ಅಡ್ಡ ಪೈಪು ಕೊಡುವ ನಿಯಮ ಇಲ್ಲೂ ಕೈಬಿಡುವಂತಿಲ್ಲ.

ಬೀಟಲ್‌ನ ಚಾಸಿ ಸಂಖ್ಯೆ ಹಿಂದಿನ ಸೀಟಿನ ಅಡಿಯಲ್ಲಿ ಸುರಂಗದ ಮೇಲೆ ಕೆತ್ತಿರುತ್ತದೆ. ಎಡಬಲದ ತಗಡನ್ನಷ್ಟೇ ಬದಲಿಸಿದರೆ ಆ ಸಂಖ್ಯೆ ಉಳಿಯುತ್ತದೆ. ಇಡೀ ತಳವನ್ನೇ ಇನ್ನೊಂದು ಕಾರಿನಿಂದ ತಂದು ಕೂರಿಸಿದರೆ ಕಾರಿನ ಗುರುತೇ ಬದಲಾಗುತ್ತದೆ.

ಕಾನೂನು ಮತ್ತು ಮೂಲರೂಪದ ಪ್ರಶ್ನೆ

ಯಾವುದೇ ಕಾರಿನಲ್ಲಿ ಚಾಸಿ ಸಂಖ್ಯೆ ಕೆತ್ತಿದ ಭಾಗವನ್ನು ಪ್ರಾದೇಶಿಕ ಸಾರಿಗೆ ಕಚೇರಿಯ ಗಮನಕ್ಕೆ ತಾರದೆ ಕತ್ತರಿಸಕೂಡದು. ನೋಂದಣಿ ಪುಸ್ತಕದ ವಿವರ ಮತ್ತು ವಾಹನ ಒಂದಕ್ಕೊಂದು ತಾಳೆಯಾಗದಂತೆ ಮಾರ್ಪಾಡು ಮಾಡುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ.

ಐವತ್ತು ವರ್ಷ ದಾಟಿದ ಕಾರುಗಳ ಮಾಲೀಕರಿಗೆ ಇನ್ನೊಂದು ಅಂಶವೂ ಮುಖ್ಯ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷಕ್ಕಿಂತ ಹಳೆಯದಾದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್ ನೋಂದಣಿಗೆ ಅರ್ಹ. ಆದರೆ ಅವು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ನಿನ ಮಾರ್ಪಾಡು ಸೇರಿದಂತೆ ಗಣನೀಯ ಬದಲಾವಣೆ ಆಗಿರಬಾರದು ಎಂಬ ಷರತ್ತಿದೆ. ಕೊಳೆತ ತಗಡಿನ ಜಾಗಕ್ಕೆ ಅದೇ ಆಕಾರ, ಅದೇ ದಪ್ಪ, ಅದೇ ಜೋಡಣೆಯ ತಗಡು ಹಾಕುವುದಕ್ಕೂ ತಳದ ವಿನ್ಯಾಸವನ್ನೇ ಬದಲಿಸುವುದಕ್ಕೂ ವ್ಯತ್ಯಾಸವುಂಟು. ಆ ವ್ಯತ್ಯಾಸವನ್ನು ತೋರಿಸಿಕೊಡಲು ಹಂತಹಂತದ ಛಾಯಾಚಿತ್ರಗಳು, ಅಳತೆಗಳು, ರಸೀದಿಗಳು ಮಾಲೀಕರ ಬಳಿ ಇರುವುದು ಜಾಣತನ.

ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ 2010ರ ದಶಕದ ಆರಂಭದಲ್ಲಿ ಅಂಗೀಕರಿಸಿದ ಟುರಿನ್ ಸನ್ನದು ಕೂಡ ಇದೇ ಧಾಟಿಯಲ್ಲಿದೆ. ಉಳಿಸಬಹುದಾದದ್ದನ್ನು ಉಳಿಸಬೇಕು, ಬದಲಿಸಿದ್ದನ್ನು ದಾಖಲಿಸಬೇಕು ಎಂಬುದು ಅದರ ಆಶಯ. ಗಟ್ಟಿಯಾಗಿರುವ ಮೂಲ ತಗಡನ್ನು ಅನುಕೂಲಕ್ಕಾಗಿ ಕಿತ್ತೆಸೆಯುವುದು ಪುನರುಜ್ಜೀವನವಲ್ಲ. ತುಕ್ಕು ತಿಂದ ತಳವನ್ನು ಮೂಲವೆಂಬ ಮೋಹಕ್ಕೆ ಉಳಿಸಿಕೊಂಡು ರಸ್ತೆಗಿಳಿಸುವುದೂ ಅಲ್ಲ. ವಸ್ತುಸಂಗ್ರಹಾಲಯದಲ್ಲಿ ನಿಲ್ಲುವ ಕಾರಿಗೂ ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡುವ ಕಾರಿಗೂ ಈ ವಿಷಯದಲ್ಲಿ ಒಂದೇ ಮಾನದಂಡ ಸಲ್ಲದು.

ಕೆಲಸವನ್ನು ಒಪ್ಪಿಕೊಳ್ಳುವಾಗ

ಹೆಚ್ಚಿನ ಮಾಲೀಕರು ಈ ಕೆಲಸವನ್ನು ಸ್ವತಃ ಮಾಡುವುದಿಲ್ಲ, ಮಾಡಿಸುತ್ತಾರೆ. ಅಂಥವರು ಕಪ್ಪು ಬಳಿಯುವ ಮುನ್ನ, ಬರಿ ಬೆಸುಗೆ ಕಾಣುವ ಹಂತದಲ್ಲಿ ಒಮ್ಮೆ ಗ್ಯಾರೇಜಿಗೆ ಹೋಗಿ ನೋಡಬೇಕು. ಬೆಸುಗೆಯ ಹಿಂಬದಿಯಲ್ಲಿ ಶಾಖ ತಲುಪಿದ ಗುರುತಿದೆಯೇ, ಅಂಚುಗಳಲ್ಲಿ ಹಳೆಯ ತುಕ್ಕಿನ ಹಕ್ಕಳೆ ಉಳಿದಿದೆಯೇ, ಸೀಟ್ ಬೆಲ್ಟ್ ಕೊಂಡಿಗೆ ಬಲವರ್ಧಕ ಪಟ್ಟಿ ಬಂದಿದೆಯೇ, ನಾಲ್ಕೂ ಬಾಗಿಲು ಒಂದೇ ಸಂದಿನಲ್ಲಿ ಮುಚ್ಚುತ್ತವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅಂಡರ್‌ಕೋಟ್ ಹೊಡೆದ ಮೇಲೆ ಒಳ್ಳೆಯ ಕೆಲಸವೂ ಕೆಟ್ಟ ಕೆಲಸವೂ ಒಂದೇ ತೆರನಾಗಿ ಕಾಣುತ್ತವೆ. ಅವುಗಳ ವ್ಯತ್ಯಾಸ ಗೊತ್ತಾಗುವುದು ಅಪಘಾತದ ದಿನ.

ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ಅಧಿಕೃತವಾಗಿ ಮರೆಯಾದವು. ಉಳಿದಿರುವುದು ಮನೆಗಳ ಶೆಡ್ಡಿನಲ್ಲಿ, ಸಂಗ್ರಹಕಾರರ ಅಂಗಳದಲ್ಲಿ ನಿಂತಿರುವವು ಮಾತ್ರ. ಅವುಗಳನ್ನು ಕಾರ್ಖಾನೆ ಮತ್ತೆ ಮಾಡಿಕೊಡುವುದಿಲ್ಲ. ರಟ್ಟಿನಲ್ಲಿ ಅಚ್ಚು ತೆಗೆದು, ಸುತ್ತಿಗೆಯ ಏಟಿನಲ್ಲಿ ತಗಡಿಗೆ ಆಕಾರ ಕೊಡಬಲ್ಲ ಟಿಂಕರಿಂಗ್ ಕುಶಲಿಗಳೂ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದ್ದಾರೆ. ಬಂಪರ್ ತೆಗೆದು ಹೊಸದು ಸಿಕ್ಕಿಸುವುದನ್ನೇ ದುರಸ್ತಿ ಎನ್ನುವ ಈ ಕಾಲದಲ್ಲಿ ಹಳೆಯ ಕಾರಿನ ಆಯಸ್ಸು ಅಂಥ ಕೈಗಳ ಆಯಸ್ಸಿನೊಂದಿಗೇ ತಳಕು ಹಾಕಿಕೊಂಡಿದೆ. ಶೆಡ್ಡಿನಲ್ಲಿ ಹಳೆಯ ಕಾರು ಇರುವವರು ಈ ಮಳೆಗಾಲಕ್ಕೆ ಮುಂಚೆ ಮಾಡಬೇಕಾದ ಮೊದಲ ಕೆಲಸ ಸಣ್ಣದು, ಖರ್ಚಿಲ್ಲದ್ದು: ಕಾಲಡಿಯ ಮ್ಯಾಟನ್ನು ಒಮ್ಮೆ ಎತ್ತಿ ನೋಡುವುದು.